ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟಬೇಡಿ, ಊರಲ್ಲೇ ಕೆಲಸ ಕೇಳಿ

ನಾಲ್ಕನೇ ಸೆಮಿಸ್ಟರ್ ಮುಗಿಯುತ್ತ ಬಂದಂತೆ ನಮ್ಮ ಬಿ.ಕಾಂ. ಮಕ್ಕಳ ಮೊಬೈಲ್‌ಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. ಮನೆಯಲ್ಲೇ ಕುಳಿತು ಮಾಡುವ ನಾಲ್ಕು ವಾರದ ಇಂಟರ್ನ್‌ಶಿಪ್, ಕೊನೆಗೆ ಪ್ರಮಾಣಪತ್ರ, ಜೊತೆಗೊಂದು ಶಿಫಾರಸು ಪತ್ರ. ಶುಲ್ಕ ಇಷ್ಟು, ಇವತ್ತೇ ಕಟ್ಟಿದರೆ ರಿಯಾಯಿತಿ. ಕಟ್ಟಿದವರಿಗೆ ಕೆಲವು ವಿಡಿಯೊಗಳ ಲಿಂಕ್ ಬರುತ್ತದೆ, ಗುರುತು ಹಾಕುವ ಒಂದಿಷ್ಟು ಪ್ರಶ್ನೆ ಬರುತ್ತವೆ, ಕಡೆಯಲ್ಲಿ ಬಣ್ಣದ ಪ್ರಮಾಣಪತ್ರ ಇಮೇಲ್‌ಗೆ ಬಂದು ಬೀಳುತ್ತದೆ. ಆ ನಾಲ್ಕು ವಾರದಲ್ಲಿ ಅವರಿಗೆ ಯಾರೂ ಒಂದು ಕೆಲಸ ವಹಿಸಿರುವುದಿಲ್ಲ. ಮಾಡಿದ್ದರಲ್ಲಿ ತಪ್ಪಿದೆ ಎಂದು ತಿದ್ದಿಸಿರುವುದಿಲ್ಲ. ಬೆಳಿಗ್ಗೆ ಯಾಕೆ ತಡ ಎಂದು ಕೇಳಿರುವುದೂ ಇಲ್ಲ.

ತಿಪಟೂರು ಸೀಮೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಪ್ಲೇಸ್‌ಮೆಂಟ್ ಸೆಲ್ಲಿನ ಹೊಣೆಯೂ ನನ್ನದೇ. ತೆಂಗಿನ ತೋಟ ಇರುವವರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ, ಆ ತೋಟಗಳಲ್ಲಿ ಕೂಲಿಗೆ ಕಾಯಿ ಸುಲಿಯುವವರ ಮಕ್ಕಳೂ ಇದ್ದಾರೆ. ಮನೆಯಲ್ಲಿ ಮೊದಲು ಡಿಗ್ರಿ ಮೆಟ್ಟಿಲು ಹತ್ತಿದವರೇ ಹೆಚ್ಚು. ಇಂಥ ಮನೆಯಿಂದ ಬಂದ ಹುಡುಗಿ ಸಂಘದ ಸಾಲದ ದುಡ್ಡಿನಲ್ಲಿ ಪ್ರಮಾಣಪತ್ರ ಕೊಂಡು ತಂದು ತೋರಿಸಿದಾಗ ನನಗೆ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಇಂಟರ್ನ್‌ಶಿಪ್ ಆಗಿರಲೇಬೇಕು ಎಂದು ಎಲ್ಲರೂ ಹೇಳುತ್ತಾರೆ; ಎಲ್ಲಿ, ಯಾರನ್ನು, ಹೇಗೆ ಕೇಳಬೇಕು ಎಂದು ಹೇಳುವವರಿಲ್ಲ. ಆ ಖಾಲಿ ಜಾಗದಲ್ಲಿ ಅಂಗಡಿ ತೆರೆದವರ ಮೇಲೆ ನನ್ನ ಸಿಟ್ಟು.

ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮಂಥ ಊರುಗಳ ಪದವಿ ವಿದ್ಯಾರ್ಥಿಯ ಮೊದಲ ಇಂಟರ್ನ್‌ಶಿಪ್ ಊರಲ್ಲೇ ಆಗಬೇಕು, ಎರಡನೇ ವರ್ಷದಲ್ಲೇ ಆಗಬೇಕು, ಅದಕ್ಕೆ ಅವರ ಕೈಗೆ ಅಷ್ಟಿಷ್ಟಾದರೂ ದುಡ್ಡು ಬರಬೇಕು. ಬೆಂಗಳೂರಿನ ಬಾಗಿಲು ತಟ್ಟುವುದು ಆಮೇಲೆ.

ಊರಲ್ಲಿ ಏನಿದೆ ಎಂದು ಮಕ್ಕಳು ಕೇಳುತ್ತಾರೆ. ತಿಪಟೂರಿನ ಎಪಿಎಂಸಿಯನ್ನೇ ನೋಡಿ. ಉಂಡೆ ಕೊಬ್ಬರಿಗೆ ದೇಶದಲ್ಲೇ ಹೆಸರಾದ ಮಾರುಕಟ್ಟೆ ಇದು. ಇಲ್ಲಿ ನಿಂತ ಧಾರಣೆಯನ್ನು ಅರಸೀಕೆರೆ, ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ರೈತರೆಲ್ಲ ಕಾದು ಕೇಳುತ್ತಾರೆ. ವಾರಕ್ಕೆ ಎರಡು ದಿನ ಹರಾಜು. ರೈತ ತಂದ ಮಾಲು ಮಂಡಿಯಲ್ಲಿ ಲಾಟ್ ಆಗಿ ನಿಲ್ಲುತ್ತದೆ, ವರ್ತಕರು ಆನ್‌ಲೈನಿನಲ್ಲಿ ಬೆಲೆ ಹಾಕುತ್ತಾರೆ, ಹೆಚ್ಚು ಹಾಕಿದವರಿಗೆ ಲಾಟ್ ಹೋಗುತ್ತದೆ. ಆಮೇಲೆ ತೂಕ, ಹಮಾಲಿ, ಮಾರುಕಟ್ಟೆ ಶುಲ್ಕ, ರೈತನಿಗೆ ಬಿಲ್ಲು, ಲಾರಿಗೆ ಇ-ವೇ ಬಿಲ್ಲು. ತೆಂಗಿನಕಾಯಿಗೆ ಜಿಎಸ್‌ಟಿ ಇಲ್ಲ, ಕೊಬ್ಬರಿಗೆ ಶೇ 5. ಒಂದೇ ಮರದ ಫಸಲು ಯಾವ ಹಂತದಲ್ಲಿ ತೆರಿಗೆಯ ಲೆಕ್ಕಕ್ಕೆ ಬೀಳುತ್ತದೆ ಎಂಬುದನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಬರೆದರೂ ಅದು ಪರೀಕ್ಷೆಯ ಉತ್ತರವಾಗಿಯೇ ಉಳಿಯುತ್ತದೆ. ಮಂಡಿಯ ಗುಮಾಸ್ತರ ಪಕ್ಕ ಎರಡು ಹರಾಜು ಕೂತು ಬಂದ ಹುಡುಗ ಅದನ್ನು ಮತ್ತೆ ಮರೆಯುವುದಿಲ್ಲ.

ಮಂಡಿಯ ಜೊತೆಗೆ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಗಳಿವೆ, ನಾರಿನ ಘಟಕಗಳಿವೆ, ಪತ್ತಿನ ಸಹಕಾರ ಸಂಘಗಳಿವೆ, ಹಾಲಿನ ಡೇರಿಗಳಿವೆ, ನರ್ಸಿಂಗ್ ಹೋಮ್‌ಗಳ ಬಿಲ್ಲಿಂಗ್ ಕೌಂಟರ್ ಇದೆ, ಗೊಬ್ಬರದ ಅಂಗಡಿಗಳ ಸ್ಟಾಕ್ ಪುಸ್ತಕ ಇದೆ. ಎಲ್ಲಕ್ಕಿಂತ ಮೇಲಾಗಿ ಆಡಿಟರ್ ಆಫೀಸುಗಳಿವೆ.

ಆಡಿಟರ್ ಆಫೀಸಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ವರ್ತಕರಿಗೆ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ. ನಡುವೆ 14ಕ್ಕೆ 2ಬಿ ಎಂಬ ಪಟ್ಟಿ ತಾನಾಗಿಯೇ ಬರುತ್ತದೆ. ಮಾರಿದವನು ತನ್ನ ಬಿಲ್ಲನ್ನು ಅಪ್‌ಲೋಡ್ ಮಾಡಿದ್ದರೆ ಮಾತ್ರ ಅದು ಕೊಂಡವನ 2ಬಿಯಲ್ಲಿ ಕಾಣುತ್ತದೆ. ಕಾಣದಿದ್ದರೆ, ಕೊಂಡವನು ಆಗಲೇ ಕೊಟ್ಟಿರುವ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಅವನಿಗೆ ಆ ತಿಂಗಳು ಸಿಕ್ಕುವುದಿಲ್ಲ. ಹಾಗಾಗಿ 14ರಿಂದ 20ರವರೆಗೆ ಆಡಿಟರ್ ಆಫೀಸಿನಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಖರೀದಿ ಪುಸ್ತಕವನ್ನೂ 2ಬಿಯನ್ನೂ ಎದುರುಬದುರು ಇಟ್ಟು ಒಂದೊಂದೇ ಬಿಲ್ಲು ತಾಳೆ ನೋಡಬೇಕು, ಕಾಣೆಯಾದ ಬಿಲ್ಲಿನ ವರ್ತಕರಿಗೆ ಫೋನ್ ಮಾಡಬೇಕು.

ನನ್ನ ವಿದ್ಯಾರ್ಥಿನಿಯೊಬ್ಬಳು ನಾಲ್ಕನೇ ಸೆಮಿಸ್ಟರ್ ರಜೆಯಲ್ಲಿ ಇದೇ ಕೆಲಸ ಮಾಡಿದಳು. ಮೊದಲ ವಾರ ಅವಳಿಗೆ ಫೈಲು ಜೋಡಿಸಲು ಹೇಳಿದರು. ಅದು ಬೇಸರವಾಗಿ ನನ್ನ ಹತ್ತಿರ ಬಂದು, ‘ಮೇಡಂ, ಬರೀ ಪೇಪರ್ ಜೋಡಿಸ್ತಿದೀನಿ, ಏನೂ ಕಲೀತಿಲ್ಲ’ ಎಂದಳು. ಯಾವ ಫೈಲಿನಲ್ಲಿ ಏನಿದೆ ಎಂದು ಓದಿಕೊಂಡೇ ಜೋಡಿಸು ಎಂದೆ. ಎರಡನೇ ವಾರ ಬಿಲ್ಲು ತಾಳೆ ನೋಡಲು ಕೂರಿಸಿದರು. ಮೂರನೇ ವಾರ ಫೋನ್ ಅವಳ ಕೈಗೆ ಬಂತು. ತಂದೆಯ ವಯಸ್ಸಿನ ವರ್ತಕರಿಗೆ, ‘ಸರ್, ನಿಮ್ಮ ಎರಡು ಬಿಲ್ಲು ಪೋರ್ಟಲ್‌ನಲ್ಲಿ ಕಾಣ್ತಿಲ್ಲ, ಇವತ್ತು ಸ್ವಲ್ಪ ನೋಡ್ತೀರಾ’ ಎಂದು ಕೇಳುವುದನ್ನು ಅಲ್ಲಿ ಕಲಿತಳು. ಕೆಲವರು ಗದರಿದರು. ಗದರಿದವರಿಗೆ ಮಾರನೇ ದಿನ ಮತ್ತೆ ಫೋನ್ ಮಾಡುವುದನ್ನೂ ಕಲಿತಳು.

ಡಿಗ್ರಿ ಮುಗಿದ ಮೇಲೆ ಬೆಂಗಳೂರಿನ ಒಂದು ಲೆಕ್ಕಪತ್ರ ಸೇವೆಯ ಕಂಪನಿಯ ಸಂದರ್ಶನಕ್ಕೆ ಹೋದಳು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷಿನಲ್ಲಿ ನಿನ್ನ ಬಗ್ಗೆ ಹೇಳು ಎಂದಾಗ ಊರು, ತಂದೆ ತಾಯಿ, ಹವ್ಯಾಸ ಎಂದು ಬಾಯಿಪಾಠ ಒಪ್ಪಿಸಿ ಸುಮ್ಮನಾದಳಂತೆ. ಇಂಟರ್ನ್‌ಶಿಪ್‌ನಲ್ಲಿ ಏನು ಮಾಡಿದೆ ಎಂದು ಕೇಳಿದರು. 2ಬಿಯ ಕಥೆ ಶುರುವಾಯಿತು. ವ್ಯಾಕರಣ ತಪ್ಪಿದ ಇಂಗ್ಲಿಷಿನಲ್ಲಿ, ನಡುನಡುವೆ ಕನ್ನಡದಲ್ಲಿ, ಬಿಲ್ಲು ಕಾಣೆಯಾಗುವ ಕಾರಣಗಳನ್ನು ಹೇಳುತ್ತ ಹೋದಳು: ಜಿಎಸ್‌ಟಿ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿರುತ್ತದೆ, ಬಿಲ್ ನಂಬರ್ ಬೇರೆ ಬರೆದಿರುತ್ತಾರೆ, ಮಾರಿದವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಾಗಿರುತ್ತಾರೆ. ಎದುರಿಗೆ ಕುಳಿತವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಅವಳಿಗೆ ಕೆಲಸ ಸಿಕ್ಕಿತು. ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಖಂಡಿತ ಬೇಕು, ಮೊದಲ ವರ್ಷದಿಂದಲೇ ದಿನಾ ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳಬೇಕು. ಆದರೆ ಹೇಳುವ ಸಂಗತಿ ಇದ್ದಾಗ ಭಾಷೆ ಎಡವುತ್ತಲಾದರೂ ಹಿಂದೆ ಬರುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇದಕ್ಕೆಲ್ಲ ಯಾವಾಗ ಶುರು ಮಾಡಬೇಕು? ಹೆಚ್ಚಿನವರು ಆರನೇ ಸೆಮಿಸ್ಟರ್‌ನಲ್ಲಿ ಎಚ್ಚೆತ್ತುಕೊಳ್ಳುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಮೂರನೇ ಸೆಮಿಸ್ಟರ್ ಕಾಗದಪತ್ರಗಳ ಕಾಲ. ನಾಲ್ಕನೆಯದರ ಕೊನೆಯ ರಜೆ ಊರಿನ ಇಂಟರ್ನ್‌ಶಿಪ್ಪಿನ ಕಾಲ. ಐದನೇ ಸೆಮಿಸ್ಟರ್‌ನಲ್ಲಿ ತುಮಕೂರಿನ ಕಡೆ ಕಣ್ಣು ಹಾಯಿಸಬಹುದು: ವಸಂತನರಸಾಪುರದ ಕೈಗಾರಿಕಾ ಪ್ರದೇಶ ಇದೆ, ಅಲ್ಲಿನ ಕಾರ್ಖಾನೆಗಳಿಗೆ ಸ್ಟೋರ್ಸ್, ಲೆಕ್ಕ, ರವಾನೆ ನೋಡಿಕೊಳ್ಳುವವರು ಬೇಕೇ ಬೇಕು. ಆರನೆಯದರಲ್ಲಿ ಕ್ಯಾಂಪಸ್ ಸಂದರ್ಶನ. ಹಳೆಯ ವಿಷಯಗಳನ್ನು ಬಾಕಿ ಉಳಿಸಿಕೊಂಡವರನ್ನು ಅನೇಕ ಕಂಪನಿಗಳು ಬಾಗಿಲಲ್ಲೇ ನಿಲ್ಲಿಸುತ್ತವೆ. ಆದ್ದರಿಂದ ಬಾಕಿ ವಿಷಯ ತೀರಿಸುವುದು ಬಯೊಡೇಟಾ ಬರೆಯುವುದಕ್ಕಿಂತ ಮೊದಲಿನ ಕೆಲಸ.

ಕಾಗದಪತ್ರ ಎಂದೆನಲ್ಲ, ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಕಡೆ ಹೆಸರಿಗೆ ಇನಿಷಿಯಲ್ ಹಚ್ಚುವ ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಆಧಾರ್‌ನಲ್ಲಿ ಬರೀ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರಿನ ಜೊತೆ ತಂದೆಯ ಹೆಸರು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯಲು ಬಿಡುವುದಿಲ್ಲ, ಬಿಡಿಸಿಯೇ ಬರೆಯಬೇಕು. ನಾಲ್ಕು ದಾಖಲೆಯಲ್ಲಿ ನಾಲ್ಕು ಬಗೆಯ ಹೆಸರಿಟ್ಟುಕೊಂಡ ಹುಡುಗನಿಗೆ ಕೆಲಸ ಸಿಕ್ಕ ಮೇಲೂ ದಾಖಲೆ ಪರಿಶೀಲನೆಯಲ್ಲಿ ತಡೆಯಾಗುತ್ತದೆ. ಭವಿಷ್ಯನಿಧಿ ಖಾತೆಗೆ ಆಧಾರ್ ಹೊಂದಲೇಬೇಕಾದ್ದರಿಂದ ಅಲ್ಲೂ ತಡೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಿಗುವುದು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಸೈಬರ್ ಸೆಂಟರಿನವರು ಹೇಳಿದಂತೆ ಆತುರದಲ್ಲಿ ತಿದ್ದಿಸಬೇಡಿ. ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು, ಇನಿಷಿಯಲ್ ಬಿಡಿಸಿದರೆ ಹೆಸರು ಹೇಗಾಗುತ್ತದೋ ಹಾಗೆಯೇ ಆಧಾರ್ ಮತ್ತು ಪ್ಯಾನ್ ಎರಡರಲ್ಲೂ ಮಾಡಿಸಿ, ಅಂಕಪಟ್ಟಿಯ ವ್ಯತ್ಯಾಸಕ್ಕೆ ನೋಟರಿಯಿಂದ ಒಂದು ಅಫಿಡವಿಟ್ ಇಟ್ಟುಕೊಳ್ಳಿ. ಇದು ಮೂರನೇ ಸೆಮಿಸ್ಟರ್‌ನಲ್ಲಿ ಆರಾಮಾಗಿ ಆಗುವ ಕೆಲಸ. ಕೆಲಸಕ್ಕೆ ಸೇರುವ ದಿನ ಗೊತ್ತಾದ ಮೇಲೆ ಇದೇ ಕೆಲಸಕ್ಕೆ ಕಣ್ಣೀರು ಹಾಕಬೇಕಾಗುತ್ತದೆ.

ಮೂಲ ಅಂಕಪಟ್ಟಿಯನ್ನು ಯಾವ ಕಂಪನಿಗೂ ಒತ್ತೆ ಇಡಬೇಡಿ. ತೋರಿಸಿ, ನಕಲು ಕೊಡಿ, ಮೂಲ ವಾಪಸು ತನ್ನಿ. ಕೆಲಸ ಕೊಡುತ್ತೇವೆ, ಲ್ಯಾಪ್‌ಟಾಪಿಗೆ, ತರಬೇತಿಗೆ ಮೊದಲು ಠೇವಣಿ ಕಟ್ಟಿ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಇನ್ನು ನಮ್ಮ ಮಕ್ಕಳಿಗೆ ಯಾರೂ ತಿಳಿಸದ ಒಂದು ಹಕ್ಕಿನ ವಿಷಯ. ಅಪ್ರೆಂಟಿಸ್ ಎಂದ ಕೂಡಲೇ ಐಟಿಐ ಹುಡುಗರು, ಲೇತ್ ಮಷಿನ್ನು ನೆನಪಾಗುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿ ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಅದರ ಬಾಗಿಲು ತೆರೆಯಿತು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿದವರೂ ಅಪ್ರೆಂಟಿಸ್ ಆಗಬಹುದು. 2019ರ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಸಿಬ್ಬಂದಿ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪದವೀಧರರಿಗೆ ಆ ನಿಯಮ ಇಟ್ಟ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ. ನ್ಯಾಟ್ಸ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿದರೆ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಮ್ಮ ಜಿಲ್ಲೆಯಲ್ಲೇ 30 ಜನಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಎಷ್ಟೋ ಇವೆ. ಅವುಗಳ ಎಚ್‌ಆರ್ ವಿಭಾಗಕ್ಕೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಹೋದರೆ ಉತ್ತರ ಬರುವುದುಂಟು. ಪ್ರಾಂಶುಪಾಲರುಗಳಲ್ಲಿ ನನ್ನ ಕಳಕಳಿಯ ಮನವಿ ಇದು: ಆ ಪತ್ರ ಬರೆಯಿರಿ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆಯೂ ಮಕ್ಕಳು ಕೇಳುತ್ತಾರೆ. 2024ರ ಅಕ್ಟೋಬರಿನಲ್ಲಿ ಅದು ಪ್ರಾಯೋಗಿಕವಾಗಿ ಆರಂಭವಾದಾಗ ಇಟ್ಟ ನಿಯಮದಂತೆ 21ರಿಂದ 24 ವರ್ಷದವರಿಗೆ, ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000 ರೂಪಾಯಿ, ಜೊತೆಗೆ ಒಂದು ಬಾರಿ 6,000. ಆದರೆ ಪೂರ್ಣಾವಧಿ ಓದುತ್ತಿರುವವರಿಗೆ ಅವಕಾಶ ಇಲ್ಲ. ರಾಜ್ಯದ ಯುವನಿಧಿ ಕೂಡ ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಅದಕ್ಕೆ ಚಾಲನೆ ಸಿಕ್ಕಾಗ ನಾನು ಸಂತೋಷಪಟ್ಟವಳು. ನನ್ನ ವಿದ್ಯಾರ್ಥಿಗಳ ಮನೆಯಲ್ಲಿ ಆ 3,000ಕ್ಕೆ ಬೆಲೆ ಇದೆ. ಆದರೆ ಈ ಎರಡೂ ಯೋಜನೆಗಳು ಓದು ಮುಗಿದ ಮೇಲೆ ಕೈ ಹಿಡಿಯುವಂಥವು. ಓದುವಾಗಲೇ, ಎರಡನೇ ವರ್ಷದ ರಜೆಯಲ್ಲಿ ಆರೆಂಟು ವಾರ ಊರಿನ ಸಂಸ್ಥೆಯಲ್ಲಿ ದುಡಿದ ವಿದ್ಯಾರ್ಥಿಗೆ ಸರ್ಕಾರ ತಿಂಗಳಿಗೆ ಅದೇ 3,000 ಕೊಟ್ಟರೆ, ಮುಂದೆ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕುವವರೇ ಕಡಿಮೆಯಾಗಬಹುದು. ಕೆಲವು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿಸಿದ ಕೋರ್ಸ್‌ಗಳು ಶುರುವಾಗಿವೆ. ಅದು ಎಲ್ಲ ತಾಲ್ಲೂಕಿಗೂ ಬರಲಿ.

ಸ್ಟೈಪೆಂಡ್ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. ಬೆಂಗಳೂರಿನಲ್ಲಿ ಸಂಬಳ ಇಲ್ಲದ ಇಂಟರ್ನ್‌ಶಿಪ್ ಎಂದರೆ ಮೂರು ಜನ ಹಂಚಿಕೊಳ್ಳುವ ಪಿಜಿಗೇ ತಿಂಗಳಿಗೆ ಏಳೆಂಟು ಸಾವಿರ, ಓಡಾಟದ ಖರ್ಚು ಬೇರೆ. ಅದನ್ನು ಭರಿಸುವ ಮನೆಯ ಮಕ್ಕಳಿಗೆ ಮಾತ್ರ ಆ ಅನುಭವ ದಕ್ಕುತ್ತದೆ, ಆ ಅನುಭವ ಇದ್ದವರಿಗೇ ಮುಂದಿನ ಕೆಲಸ ಸಿಗುತ್ತದೆ. ಕೂಲಿ ಮಾಡುವವರ ಮಗ ರಜೆಯಲ್ಲಿ ಕಾಯಿ ಸುಲಿಯಲು ಹೋದರೆ ಮನೆಗೆ ದಿನಗೂಲಿ ಬರುತ್ತದೆ. ಅದನ್ನು ಬಿಟ್ಟು ಆಫೀಸಿನಲ್ಲಿ ಪುಕ್ಕಟೆ ಕೂರು ಎಂದು ಅವನ ತಾಯಿಗೆ ಹೇಳುವ ಬಾಯಿ ನನಗಿಲ್ಲ. ಆರೆಂಟು ವಾರಕ್ಕೆ ಅವನ ಬಸ್ಸು, ಊಟ ಕಳೆದು ಮನೆಗೆ ಒಂದಿಷ್ಟು ಕೊಡುವಷ್ಟಾದರೂ ಬರಬೇಕು.

ಬಸ್ಸಿನದೇ ಒಂದು ತೊಡಕಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ತುಮಕೂರಿಗೆ ಹೋಗಿ ಬರುವುದು ಸಲೀಸಾಯಿತು. ಮನೆಯವರು ಕಳುಹಿಸುವುದಿಲ್ಲ ಎನ್ನುತ್ತಿದ್ದವರಲ್ಲಿ ಎಷ್ಟೋ ಮಂದಿಗೆ ನಿಜವಾದ ಅಡ್ಡಿ ಟಿಕೆಟ್ಟಿನ ದುಡ್ಡಾಗಿತ್ತು ಎಂದು ಆಮೇಲೆ ನನಗೆ ತಿಳಿಯಿತು. ಗಂಡುಮಕ್ಕಳ ಕೈಲಿರುವುದು ವಿದ್ಯಾರ್ಥಿ ಪಾಸು. ಅದು ನಡೆಯುವುದು ಮನೆಯಿಂದ ಕಾಲೇಜಿನವರೆಗೆ. ಇಂಟರ್ನ್‌ಶಿಪ್ ಸ್ಥಳ ಬೇರೆ ದಿಕ್ಕಿನಲ್ಲಿದ್ದರೆ ಪೂರ್ತಿ ಟಿಕೆಟ್ ತೆಗೆಯಬೇಕು. ಕಾಲೇಜು ಕೊಟ್ಟ ಇಂಟರ್ನ್‌ಶಿಪ್ ಪತ್ರ ತೋರಿಸಿದರೆ ಅದೇ ಪಾಸಿನಲ್ಲಿ ಆ ಮಾರ್ಗವನ್ನೂ ಬರೆದುಕೊಡುವ ಏರ್ಪಾಡು ಸಾರಿಗೆ ಸಂಸ್ಥೆಗೆ ದೊಡ್ಡ ಹೊರೆಯಾಗಲಾರದು. ಇದನ್ನು ಸಾರಿಗೆ ಸಚಿವರ ಗಮನಕ್ಕೆ ತರಲು ಈ ಅಂಕಣವನ್ನೇ ಬಳಸಿಕೊಳ್ಳುತ್ತಿದ್ದೇನೆ.

ತಂದೆ ತಾಯಂದಿರಿಗೊಂದು ಮಾತು. ‘ಡಿಗ್ರಿ ಓದ್ಸಿ ಮಂಡೀಲಿ ಲೆಕ್ಕ ಬರಿಯಕ್ಕೆ ಕಳ್ಸದಾ ಮೇಡಂ’ ಎಂದು ನನ್ನನ್ನು ಕೇಳಿದವರಿದ್ದಾರೆ. ಮಗ ಅಲ್ಲೇ ಉಳಿದುಬಿಡುತ್ತಾನೆ ಎಂಬ ಭಯ ಅದರಲ್ಲಿದೆ, ನನಗೆ ಅರ್ಥವಾಗುತ್ತದೆ. ಇದು ಆರೆಂಟು ವಾರದ ಕಲಿಕೆ. ಅಷ್ಟರಲ್ಲಿ ಅವನು ಟ್ಯಾಲಿಯಲ್ಲಿ ನಿಜವಾದ ಲೆಕ್ಕ ಹಾಕಿರುತ್ತಾನೆ, ಸಮಯಕ್ಕೆ ಸರಿಯಾಗಿ ಹೋಗಿ ಬಂದಿರುತ್ತಾನೆ, ಅವನ ಕೆಲಸ ಕಣ್ಣಾರೆ ಕಂಡು ನಾಲ್ಕು ಮಾತು ಹೇಳಬಲ್ಲ ಒಬ್ಬ ಹಿರಿಯರು ಊರಲ್ಲಿ ಇರುತ್ತಾರೆ. ಬೆಂಗಳೂರಿನ ಕಂಪನಿ ವಿಚಾರಣೆಗೆ ಫೋನ್ ಮಾಡಿದರೆ ಅವರು ಎತ್ತಿ ಮಾತಾಡುತ್ತಾರೆ.

ವಿದ್ಯಾರ್ಥಿಗಳು ಕೇಳುವ ರೀತಿಯನ್ನೂ ಹೇಳಿಬಿಡುತ್ತೇನೆ. ಗುಂಪಾಗಿ ಹೋಗಬೇಡಿ, ಒಬ್ಬರೇ ಹೋಗಿ. ಆಡಿಟರ್ ಆಫೀಸಿಗೆ 20ನೇ ತಾರೀಖು ಕಳೆದ ಮೇಲೆ ಹೋಗಿ, ಮಂಡಿಗೆ ಹರಾಜಿಲ್ಲದ ದಿನ ಹೋಗಿ. ಕಾಲೇಜಿನ ಪತ್ರ, ಒಂದು ಪುಟದ ಬಯೊಡೇಟಾ ಕೈಲಿರಲಿ. ‘ಸರ್, ಬಿ.ಕಾಂ. ಎರಡನೇ ವರ್ಷ. ರಜೆಯಲ್ಲಿ ಆರು ವಾರ ಬರ್ತೀನಿ, ಯಾವ ಕೆಲಸ ಕೊಟ್ಟರೂ ಮಾಡ್ತೀನಿ, ಟ್ಯಾಲಿ ಗೊತ್ತಿದೆ’ ಎಂದು ನೇರ ಹೇಳಿ. ಇಲ್ಲ ಎಂದರೆ ಯಾರ ಹತ್ತಿರ ಕೇಳಬಹುದು ಎಂದು ಅವರನ್ನೇ ಕೇಳಿ. ಊರಿನ ಜನ ಒಂದು ಹೆಸರು ಹೇಳದೆ ಕಳುಹಿಸುವುದಿಲ್ಲ. ಕೆಲಸ ಶುರುವಾದ ಮೇಲೆ ಪ್ರತಿದಿನ ಸಂಜೆ ಅವತ್ತು ಮಾಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ವರ್ತಕರ ಹೆಸರು, ಮೊತ್ತಗಳನ್ನು ಮಾತ್ರ ಬರೆಯಬೇಡಿ. ಮತ್ತೊಬ್ಬರ ವ್ಯವಹಾರದ ಗುಟ್ಟು ಕಾಯುವುದೂ ಕಲಿಯಬೇಕಾದ ಕೆಲಸವೇ.

ಕಡೆಯದಾಗಿ ನಮ್ಮ ಊರುಗಳ ಆಡಿಟರುಗಳಿಗೆ, ಮಂಡಿ ಮಾಲೀಕರಿಗೆ, ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ. ಹುಡುಗರು ಬಂದರೆ ಕೆಲಸ ಹೇಳಿಕೊಡುವುದೇ ಒಂದು ಕೆಲಸವಾಗುತ್ತದೆ ಎಂದು ನೀವು ಹಿಂಜರಿಯುತ್ತೀರಿ. ಮೊದಲ ಹತ್ತು ದಿನ ಹಾಗೆಯೇ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆಮೇಲಿನ ದಿನಗಳಲ್ಲಿ ನಿಮ್ಮ ಭಾರ ನಿಜವಾಗಿಯೂ ಇಳಿಯುತ್ತದೆ. ವರ್ಷಕ್ಕೆ ಒಬ್ಬರನ್ನು ತೆಗೆದುಕೊಳ್ಳಿ. ಮೊದಲ ದಿನವೇ ಒಬ್ಬ ಹಿರಿಯ ಗುಮಾಸ್ತರ ಜೊತೆ ಕೂರಿಸಿ, ಟೀ ತರಲು ಮಾತ್ರ ಕಳುಹಿಸಬೇಡಿ, ಹೆಣ್ಣುಮಕ್ಕಳನ್ನು ಕತ್ತಲಾಗುವ ಮೊದಲು ಬಿಡಿ, ತಿಂಗಳಿಗೆ ನಿಮ್ಮಿಂದಾದಷ್ಟು ದುಡ್ಡು ಕೊಡಿ. ಕೊನೆಯ ದಿನ ಅವರು ಏನೇನು ಮಾಡಿದರು ಎಂದು ನಿಮ್ಮ ಲೆಟರ್‌ಹೆಡ್‌ನಲ್ಲಿ ಕನ್ನಡದಲ್ಲೇ ಬರೆದು ಸಹಿ ಹಾಕಿ ಕೊಟ್ಟರೆ ಸಾಕು, ಇಂಗ್ಲಿಷ್ ಪ್ರತಿಯನ್ನು ಕಾಲೇಜಿನಲ್ಲಿ ನಾವು ಮಾಡಿಕೊಡುತ್ತೇವೆ.